ಮೈಸೂರಿನಿಂದ ಮೂರು ದಿಕ್ಕಿಗೆ: ಚಿಕ್ಕ ಸ್ಟೇಷನ್ನುಗಳಲ್ಲಿ ಮೂರು ದಿನ

ಮೊದಲ ದಿನ: ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು

ಮೈಸೂರು ಜಂಕ್ಷನ್ನಿನ ಟಿಕೆಟ್ ಸಾಲಿನಲ್ಲಿ ಯಾರು ದಿನಾ ಓಡಾಡುವವರು, ಯಾರು ಅಪರೂಪಕ್ಕೆ ಬಂದವರು ಅನ್ನುವುದು ಒಂದೇ ಮಾತಿಗೆ ಗೊತ್ತಾಗುತ್ತದೆ. ಅಪರೂಪದವರು "ಮಂಡ್ಯ ಒಂದು" ಅಂತಾರೆ. ದಿನಾ ಹೋಗುವವರು "ಮಂಡ್ಯ ಒಂದು, ಪ್ಯಾಸೆಂಜರ್‌ದು ಕೊಡಿ ಸಾರ್" ಅಂತಾರೆ. ಆ ಒಂದು ಪದಕ್ಕೆ ಬೆಲೆಯಿದೆ. ಪ್ಯಾಸೆಂಜರ್, ಮೆಮು (ಕರೆಂಟಿನಲ್ಲಿ ಓಡುವ ಲೋಕಲ್) ಗಾಡಿಗಳ ಕನಿಷ್ಠ ದರ 10 ರೂಪಾಯಿ; ಎಕ್ಸ್‌ಪ್ರೆಸ್ಸಿನ ಕನಿಷ್ಠ ದರ 30. ಕೋವಿಡ್ ಕಾಲದಲ್ಲಿ ಮೆಮುಗಳಿಗೂ ಎಕ್ಸ್‌ಪ್ರೆಸ್ ದರವನ್ನೇ ಹಾಕಿದ್ದರು. 2024ರ ಫೆಬ್ರವರಿಯಲ್ಲಿ ಅದು ಮತ್ತೆ 10ಕ್ಕೆ ಇಳಿಯಿತು. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕಾಗುತ್ತದೆ. ದಂಡದ ಕನಿಷ್ಠ ಮೊತ್ತ 250 ರೂಪಾಯಿ, ಅದರ ಮೇಲೆ ದರದ ವ್ಯತ್ಯಾಸ. ಎಕ್ಸ್‌ಪ್ರೆಸ್ ಟಿಕೆಟ್ಟಿನಲ್ಲಿ ಮೆಮು ಹತ್ತಿದರೆ ಯಾರೂ ಕೇಳುವುದಿಲ್ಲ, ನಷ್ಟ ನಮ್ಮದೇ.

ಯಾವ ಗಾಡಿ ಯಾವ ಬಗೆಯದು ಎಂದು ನಂಬರೇ ಹೇಳುತ್ತದೆ. ಐದಂಕಿಯ ಮೊದಲ ಅಂಕಿ 5 ಆಗಿದ್ದರೆ ಪ್ಯಾಸೆಂಜರ್, 6 ಆಗಿದ್ದರೆ ಮೆಮು, 7 ಆಗಿದ್ದರೆ ಡೆಮು, ಅಂದರೆ ಡೀಸೆಲ್ಲಿನಲ್ಲಿ ಓಡುವ ಲೋಕಲ್. ಸೊನ್ನೆಯಿಂದ ಶುರುವಾದರೆ ವಿಶೇಷ ಗಾಡಿ. 16, 17 ಎಂದು ಶುರುವಾಗುವವು ಸಾಮಾನ್ಯ ಎಕ್ಸ್‌ಪ್ರೆಸ್. 12, 20, 22 ಇದ್ದರೆ ಸೂಪರ್‌ಫಾಸ್ಟ್, ಅದಕ್ಕೆ ಜನರಲ್ ಬೋಗಿಯಲ್ಲೂ 15 ರೂಪಾಯಿ ಹೆಚ್ಚು. ಟಿಪ್ಪು ಎಕ್ಸ್‌ಪ್ರೆಸ್ ಆಗಿದ್ದು 2022ರ ಅಕ್ಟೋಬರಿನಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಎಂದು ಹೆಸರು ಬದಲಾದ ಗಾಡಿ 12613, 12614. ಹಾಗಾಗಿ ಅದರಲ್ಲಿ ಮಂಡ್ಯಕ್ಕೆ ಹೋಗುವವರು ಕೌಂಟರಿನಲ್ಲಿ "ಸೂಪರ್‌ಫಾಸ್ಟ್" ಅಂತಲೇ ಬಾಯಿಬಿಟ್ಟು ಹೇಳಬೇಕು.

ಇವತ್ತಿನ ದಾರಿಯಲ್ಲಿ ಮೂರು ಕಡೆ ಇಳಿದು ಹತ್ತುವುದಿದೆ. ಮದ್ದೂರಿಗೆ ಒಂದೇ ಟಿಕೆಟ್ ತಗೊಂಡು ನಡುವೆ ಇಳಿದು ಸುತ್ತಾಡಿ ಮುಂದಿನ ಗಾಡಿ ಹತ್ತೋಣ ಅಂದರೆ ನಡೆಯುವುದಿಲ್ಲ. ದಾರಿಯಲ್ಲಿ ಇಳಿದು ಪ್ರಯಾಣ ಮುಂದುವರಿಸುವ ಸೌಲಭ್ಯ 500 ಕಿಲೋಮೀಟರಿಗಿಂತ ದೂರದ ಟಿಕೆಟ್ಟಿಗೆ ಮಾತ್ರ. ಆದ್ದರಿಂದ ಶ್ರೀರಂಗಪಟ್ಟಣಕ್ಕೊಂದು, ಅಲ್ಲಿಂದ ಮಂಡ್ಯಕ್ಕೊಂದು, ಮತ್ತೆ ಮದ್ದೂರಿಗೊಂದು, ಹೀಗೆ ಬಿಡಿಬಿಡಿಯಾಗಿಯೇ ಕೊಳ್ಳಬೇಕು. ಬೆಳಗ್ಗೆಯೇ ಎಲ್ಲವನ್ನೂ ಕೊಂಡಿಟ್ಟುಕೊಳ್ಳುವ ಜಾಣತನವೂ ಬೇಡ: 200 ಕಿಲೋಮೀಟರಿನೊಳಗಿನ ಟಿಕೆಟ್ಟಿಗೆ ಕೊಂಡ ಮೂರು ಗಂಟೆಯೊಳಗೆ, ಇಲ್ಲವೇ ಆ ಊರಿಗೆ ಹೊರಡುವ ಮೊದಲ ಗಾಡಿಯಲ್ಲಿ, ಯಾವುದು ತಡವೋ ಅದರೊಳಗೆ ಪ್ರಯಾಣ ಶುರುವಾಗಬೇಕು.

ಮೊಬೈಲಿನಲ್ಲಿ ಟಿಕೆಟ್ ಮಾಡುವವರು ಎಡವುವುದು ಎರಡೇ ಕಡೆ. ಪ್ಲಾಟ್‌ಫಾರಂ ಮೇಲೆ ನಿಂತು ರೈಲ್ವೆಯ ಟಿಕೆಟ್ ಆ್ಯಪ್ ತೆರೆದರೆ, ಹಳಿಗೆ ತೀರಾ ಹತ್ತಿರ ಇದ್ದೀರಿ ಎಂದು ಅದು ಟಿಕೆಟ್ ಕೊಡುವುದಿಲ್ಲ. ಸ್ಟೇಷನ್ನಿನ ಹೊರಗೇ ಮಾಡಿಕೊಂಡು ಒಳಗೆ ಬರಬೇಕು, ಇಲ್ಲವೇ ಕೌಂಟರ್ ಬಳಿ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಎರಡನೆಯದು, ಟಿ.ಸಿ. ಬಂದಾಗ ಆ್ಯಪ್ ಒಳಗಿನ ಟಿಕೆಟ್ಟನ್ನೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಚಾರ್ಜ್ ಮುಗಿದು ಫೋನ್ ಸತ್ತಿದ್ದರೆ ಟಿಕೆಟ್ ಇಲ್ಲದವರ ಲೆಕ್ಕವೇ.

ಮೆಮು ಹೊರಟಿತು. ಎರಡೂ ತುದಿಗೆ ಚಾಲಕನ ಕೋಣೆಯಿರುವ ಗಾಡಿ ಇದು. ಊರು ಮುಟ್ಟಿದ ಮೇಲೆ ಇಂಜಿನ್ ಬಿಚ್ಚಿ ತಿರುಗಿಸುವ ತಾಪತ್ರಯವಿಲ್ಲ, ಚಾಲಕ ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಗಾಡಿ ವಾಪಸ್ ಹೊರಡಲು ಸಿದ್ಧ. ನಾಗನಹಳ್ಳಿ ಕಳೆದು ಕಾವೇರಿಯ ಒಂದು ಕವಲು ದಾಟಿದರೆ ದ್ವೀಪ, ದ್ವೀಪದ ಕೋಟೆಯೊಳಗೇ ಶ್ರೀರಂಗಪಟ್ಟಣ ಸ್ಟೇಷನ್ನು. ರೈಲ್ವೆ ಲೆಕ್ಕದಲ್ಲಿ ಈ ಊರಿನ ಹೆಸರು ಒಂದೇ ಅಕ್ಷರ: 'ಎಸ್'. ಇದೇ ದಾರಿಯ ಯಲಿಯೂರಿಗೂ ಒಂದೇ ಅಕ್ಷರ, 'ವೈ'. ಆ್ಯಪ್‌ನಲ್ಲಿ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದಾರೋ ಎಂದು ತಡಕಾಡುವ ಬದಲು ಈ ಅಕ್ಷರ ಒತ್ತಿ ನೋಡಬಹುದು.

ಶ್ರೀರಂಗಪಟ್ಟಣದಲ್ಲಿ ಇಳಿದರೆ ಆಟೊ ಬೇಡ. ರಂಗನಾಥಸ್ವಾಮಿ ದೇವಸ್ಥಾನ ನಡೆದು ಹೋಗುವಷ್ಟೇ ದೂರ. ಆದರೆ ಈ ಸ್ಟೇಷನ್ನಿನಲ್ಲಿ ದೇವಸ್ಥಾನದಷ್ಟೇ ನೋಡಬೇಕಾದ್ದು ಹಳಿಯ ಪಕ್ಕದಲ್ಲಿದೆ. ಮೈಸೂರು–ಬೆಂಗಳೂರು ನಡುವೆ ಜೋಡಿ ಹಳಿ ಹಾಕುವ ಕೆಲಸ ಎಲ್ಲ ಕಡೆ ಮುಂದುವರಿದು ಇಲ್ಲಿ ಬಂದು ನಿಂತುಬಿಟ್ಟಿತ್ತು. ಎರಡನೇ ಹಳಿ ಹೋಗಬೇಕಾದ ಜಾಗದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯಿತ್ತು. ಇಟ್ಟಿಗೆ, ಗಾರೆಯ ಕಟ್ಟಡ. ಒಡೆಯುವಂತಿಲ್ಲ, ಹಳಿಯನ್ನು ಬಳಸಿ ಒಯ್ಯಲು ಜಾಗವೂ ಇಲ್ಲ. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಸರಿಸಿದರು. ಬುಡದ ಸುತ್ತ ಮಣ್ಣು ಅಗೆದು, ತಳಕ್ಕೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್ ಕೊಟ್ಟು ಮೇಲೆತ್ತಿ, ನೂರಾರು ಟನ್ ತೂಕದ ಗೋಡೆ ಬಿರಿಯದಂತೆ ಇಂಚಿಂಚಾಗಿ ನೂರು ಮೀಟರಿಗೂ ಆಚೆ ಒಯ್ದು ಇಳಿಸಿದರು. ಆ ಕಡೆಯ ಹಳಿಯ ಮೇಲೆ ಈಗ ಓಡುವ ಒಂದೊಂದು ಗಾಡಿಯೂ ಅದು ಮೊದಲು ನಿಂತಿದ್ದ ಜಾಗವನ್ನು ಹಾದೇ ಹೋಗುತ್ತದೆ. ಹಳಿ ದಾಟಿ ನೋಡಲು ಹೋಗಬೇಡಿ. ಹಳಿ ಮೇಲೆ ಓಡಾಡಿದರೆ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ ಅಥವಾ 1000 ರೂಪಾಯಿವರೆಗೆ ದಂಡ. ಮೇಲ್ಸೇತುವೆ ಹತ್ತಿದರೆ ಹೇಗೂ ಹೆಚ್ಚು ಕಾಣುತ್ತದೆ.

ಜೋಡಿ ಹಳಿ ಬಂದ ಮೇಲೂ ಮೆಮು ಚಿಕ್ಕ ಸ್ಟೇಷನ್ನಿನಲ್ಲಿ ಹದಿನೈದು ನಿಮಿಷ ಸುಮ್ಮನೆ ನಿಲ್ಲುತ್ತದೆ ಎಂಬ ಗೊಣಗಾಟ ತಪ್ಪಿಲ್ಲ. ಕಾರಣ, ಹಿಂದಿನಿಂದ ಬರುವ ವೇಗದ ಗಾಡಿ. ವಂದೇ ಭಾರತ್, ಶತಾಬ್ದಿಗಳು ಚಿಕ್ಕ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ; ಅವಕ್ಕೆ ದಾರಿ ಬಿಡಲು ಮೆಮುವನ್ನು ಪಕ್ಕದ ಲೂಪ್ ಲೈನಿಗೆ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಹಳಿಗೆ, ತೆಗೆದುಕೊಳ್ಳುತ್ತಾರೆ. ಅದು ಯಾವಾಗ ಹೊರಡುತ್ತದೆ ಎಂದು ಯಾರನ್ನೂ ಕೇಳಬೇಕಿಲ್ಲ. ಗಾಡಿಯ ಮುಖ ಯಾವ ಕಡೆಗಿದೆಯೋ ಆ ಕಡೆಯ ಪ್ಲಾಟ್‌ಫಾರಂ ತುದಿಯಲ್ಲಿ ಒಂದು ಸಿಗ್ನಲ್ ಕಂಬವಿರುತ್ತದೆ, ಅದೇ ಸ್ಟಾರ್ಟರ್. ಪಕ್ಕದ ಲೈನಿನಲ್ಲಿ ವೇಗದ ಗಾಡಿ ಧಡಧಡ ಎಂದು ದಾಟಿ ಹೋದ ಮೇಲೂ ಅದು ಕೆಂಪಾಗಿಯೇ ಇದ್ದರೆ ಟೀ ಮುಗಿಸಲು ಸಮಯವಿದೆ. ಹಳದಿ ಅಥವಾ ಹಸಿರು ಬಂತೆಂದರೆ ಲೋಟ ಇಟ್ಟು ಹತ್ತಬೇಕು.

ಶ್ರೀರಂಗಪಟ್ಟಣದ ಮುಂದಿನದು ಪಾಂಡವಪುರ. ಬ್ರಿಟಿಷರ ಕಾಗದಪತ್ರದಲ್ಲಿ ಫ್ರೆಂಚ್ ರಾಕ್ಸ್ ಎಂದಿದ್ದ ಊರು. ಸ್ಟೇಷನ್ನು ಊರೊಳಗಿಲ್ಲ, ಇಳಿದ ಮೇಲೆ ಆಟೊ ಅಥವಾ ಬಸ್ಸು ಬೇಕು; ಇವತ್ತಿನ ಪಟ್ಟಿಯಿಂದ ಅದನ್ನು ಬಿಟ್ಟದ್ದು ಅದಕ್ಕೇ. ಬ್ಯಾಡರಹಳ್ಳಿ, ಚಂದಗಿರಿಕೊಪ್ಪಲು, ಯಲಿಯೂರು, ಎರಡೂ ಕಡೆ ಕಬ್ಬಿನ ಗದ್ದೆ, ಆಮೇಲೆ ಮಂಡ್ಯ.

ಮೈಸೂರಿನಿಂದ 45 ಕಿಲೋಮೀಟರಿನ ಮಂಡ್ಯವನ್ನು ಚಿಕ್ಕ ಸ್ಟೇಷನ್ನು ಅನ್ನುವುದು ಅರ್ಧ ಸತ್ಯ. ಈ ದಾರಿಯ ಮುಖ್ಯ ಎಕ್ಸ್‌ಪ್ರೆಸ್ಸುಗಳು ಇಲ್ಲಿ ನಿಲ್ಲುತ್ತವೆ, ರಿಸರ್ವೇಷನ್ ಕೌಂಟರ್ ಇದೆ, ಸ್ಟೇಷನ್ನುಗಳನ್ನು ಹೊಸದಾಗಿಸುವ ಅಮೃತ ಭಾರತ್ ಯೋಜನೆಯ ಪಟ್ಟಿಯಲ್ಲೂ ಸೇರಿದೆ. ಬೆಳಗಿನ ಜನಜಂಗುಳಿ ನೋಡಿದರೆ ಇದು ಪಾಸಿನವರ ಸ್ಟೇಷನ್ನು ಎಂದು ಗೊತ್ತಾಗುತ್ತದೆ. ತಿಂಗಳ ಪಾಸು ಸಿಗುವುದು 150 ಕಿಲೋಮೀಟರಿನವರೆಗೆ ಮಾತ್ರ. ಮೈಸೂರು–ಬೆಂಗಳೂರು ದೂರ 139 ಆದ್ದರಿಂದ ಮೈಸೂರಿನವರೂ ಆ ಮಿತಿಯೊಳಗೇ ಬರುತ್ತಾರೆ. ಮೂರು ತಿಂಗಳ ಪಾಸಿಗೆ ಕೊಡಬೇಕಾದ್ದು ತಿಂಗಳ ಪಾಸಿನ 2.7 ಪಟ್ಟು, ಅಂದರೆ ಒಂಬತ್ತು ದಿನದ ದುಡ್ಡು ಉಳಿಯಿತು. ಅವಧಿ ಮುಗಿಯುವ ಹತ್ತು ದಿನ ಮೊದಲೇ ನವೀಕರಿಸಬಹುದು. ತಿಂಗಳ ಒಂದನೇ ತಾರೀಖಿನ ಸಾಲಿನಲ್ಲಿ ನಿಂತವರನ್ನು ಕಂಡರೆ ಈ ಮಾತಿನ ಬೆಲೆ ತಿಳಿಯುತ್ತದೆ. ಪಾಸಿದೆ ಎಂದು ರಿಸರ್ವ್ ಬೋಗಿ ಹತ್ತುವಂತಿಲ್ಲ, ಸೂಪರ್‌ಫಾಸ್ಟಿಗೆ ಬೇರೆ ಶುಲ್ಕ ಕಟ್ಟಿರಬೇಕು. ಬಿಡಲು ಬಂದವರಿಗೆ ಪ್ಲಾಟ್‌ಫಾರಂ ಟಿಕೆಟ್ 10 ರೂಪಾಯಿ, ಎರಡು ಗಂಟೆಗೆ.

ಹನಕೆರೆ ಕಳೆದು ಮದ್ದೂರು. ಮದ್ದೂರು ವಡೆ ಹುಟ್ಟಿದ್ದು ಈ ಸ್ಟೇಷನ್ನಿನ ಟಿಫಿನ್ ರೂಮಿನಲ್ಲಿ, 1917ರಲ್ಲಿ ಎಂದು ಹೇಳುತ್ತಾರೆ. ಗಾಡಿ ಬರುವ ಹೊತ್ತಿಗೆ ಹಿಟ್ಟು ಕೈಯಲ್ಲೇ ತಟ್ಟಿ ಎಣ್ಣೆಗೆ ಬಿಟ್ಟಿದ್ದು ಎನ್ನುವ ಕಥೆ ನಂಬುವಂತೆಯೇ ಇದೆ: ರವೆ, ಮೈದಾ, ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ ಇವೆಲ್ಲ ನೆನೆಸಿ ರುಬ್ಬುವ ಸಾಮಾನುಗಳಲ್ಲ. ಉದ್ದಿನ ವಡೆಯಾದರೆ ನೆನೆಸಿ ರುಬ್ಬುವಷ್ಟು ಪುರುಸೊತ್ತು ಬೇಕು. ಬೋಗಿಗೆ ಬರುವ ವಡೆಯ ಬುಟ್ಟಿಯಲ್ಲಿ ಕೈ ಹಾಕುವ ಮುಂಚೆ ಒಂದನ್ನು ಮುರಿದು ನೋಡಲು ಕೇಳಿ. ಟಪ್ ಎಂದು ಮುರಿದರೆ ಇವತ್ತಿನದು, ಬಾಗಿದರೆ ಬೇಡ.

ವಾಪಸ್ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರು ನಿಲ್ಲುವ ಜಾಗ ನೋಡಿಕೊಳ್ಳಬೇಕು. ಒಂದು ಬೋಗಿ ಸುಮಾರು 24 ಮೀಟರ್. 24 ಬೋಗಿಯ ಗಾಡಿ ಅರ್ಧ ಕಿಲೋಮೀಟರಿಗೂ ಉದ್ದ. ಜನರಲ್ ಬೋಗಿಗಳು ಸಾಮಾನ್ಯವಾಗಿ ಮುಂದಿನ ಮತ್ತು ಹಿಂದಿನ ತುದಿಯಲ್ಲಿ. ಗಾಡಿ ನಿಲ್ಲುವುದು ಒಂದೋ ಎರಡೋ ನಿಮಿಷ. ನೆರಳಿದೆ ಎಂದು ಕಟ್ಟಡದ ಮುಂದೆ ನಿಂತಿದ್ದರೆ ಎದುರಿಗೆ ಬಂದು ನಿಲ್ಲುವುದು ಸ್ಲೀಪರ್ ಬೋಗಿ, ಆಮೇಲೆ ಚೀಲ ಹೊತ್ತು ಓಡಬೇಕು. ಪ್ಲಾಟ್‌ಫಾರಂ ಗಿಡ್ಡವಾಗಿದ್ದರೆ ಕೊನೆಯ ಬೋಗಿಗಳು ಜಲ್ಲಿಯ ಮೇಲೆ ನಿಲ್ಲುತ್ತವೆ. ವಯಸ್ಸಾದವರಿದ್ದರೆ ಅಂಥ ಕಡೆ ಎಕ್ಸ್‌ಪ್ರೆಸ್ ಬಿಟ್ಟು ಮೆಮು ಹಿಡಿಯುವುದೇ ಲೇಸು.

ಎರಡನೇ ದಿನ: ನಂಜನಗೂಡು, ಚಾಮರಾಜನಗರ

ಮೈಸೂರಿನಿಂದ ದಕ್ಷಿಣಕ್ಕೆ 61 ಕಿಲೋಮೀಟರ್, ಒಂಟಿ ಹಳಿ. ಮೈಸೂರಿನ ಲಷ್ಕರ್ ಮೊಹಲ್ಲದ ಕಡೆ ಇರುವವರು ಜಂಕ್ಷನ್ನಿಗೆ ಹೋಗಲಿ. ನಗರದ ದಕ್ಷಿಣ ಭಾಗದವರಿಗೆ ಚಾಮರಾಜಪುರಂ, ಅಶೋಕಪುರಂ ಸ್ಟೇಷನ್ನುಗಳೇ ಹತ್ತಿರ. ಆದರೆ ಎಲ್ಲ ಗಾಡಿಯೂ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡೇ ಹೊರಡಬೇಕು. ಅಶೋಕಪುರಂ ಎಂದರೆ ರೈಲ್ವೆ ವರ್ಕ್‌ಶಾಪ್. ಬೆಂಗಳೂರಿನ ಕೆಲವು ಮೆಮುಗಳು ಈಗ ಅಲ್ಲಿಯವರೆಗೂ ಬರುತ್ತವೆ.

ನಿನ್ನೆಯ ದಾರಿಗೂ ಇವತ್ತಿನ ದಾರಿಗೂ ವ್ಯತ್ಯಾಸ ತಿಳಿಯುವುದು ಕಡಕೊಳ ದಾಟಿದ ಮೇಲೆ, ಯಾವುದಾದರೂ ಸ್ಟೇಷನ್ನಿನಲ್ಲಿ ಕ್ರಾಸಿಂಗ್ ಬಿದ್ದಾಗ. ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ. ಎದುರಿನಿಂದ ಇನ್ನೊಂದು ಬರುತ್ತಿದ್ದರೆ ಎರಡೂ ಒಂದು ಸ್ಟೇಷನ್ನಿನಲ್ಲಿ ಸಂಧಿಸಿಯೇ ಮುಂದೆ ಹೋಗಬೇಕು. ಮೊದಲು ಬಂದದ್ದು ಲೂಪಿಗೆ ಹೋಗುತ್ತದೆ. ಲೂಪಿನ ತಿರುವಿನಲ್ಲಿ ವೇಗ 30 ಕಿಲೋಮೀಟರ್ ಮೀರುವಂತಿಲ್ಲ, ಆದ್ದರಿಂದ ತುಂಬ ಮೊದಲೇ ಬ್ರೇಕ್ ಹಿಡಿಯುತ್ತಾರೆ. ಎರಡು ಹಳಿ ಒಂದಾಗುವ ಜಾಗಕ್ಕೆ ತುಸು ಈಚೆ, ಹಳಿಗಳ ನಡುವೆ ನೆಲದಲ್ಲಿ ಸುಣ್ಣ ಬಳಿದ ಗಿಡ್ಡ ಕಲ್ಲೊಂದು ಕಾಣುತ್ತದೆ. ಅದಕ್ಕೆ ಫೌಲಿಂಗ್ ಮಾರ್ಕ್ ಅನ್ನುತ್ತಾರೆ. ಕೊನೆಯ ಬೋಗಿಯ ಬಾಲ ಆ ಕಲ್ಲಿನಿಂದ ಒಳಗೆ ಬಂದಿರದಿದ್ದರೆ ಪಕ್ಕದ ಹಳಿಯಲ್ಲಿ ಬರುವ ಗಾಡಿ ಉಜ್ಜಿಕೊಂಡು ಹೋಗುತ್ತದೆ. ಅದಕ್ಕೇ ಉದ್ದದ ಗೂಡ್ಸ್ ಗಾಡಿ ಒಳಗೆ ಬಂದ ಮೇಲೂ ಒಂದೆರಡು ಮೀಟರ್ ಮುಂದೆ ತೆವಳಿ ನಿಲ್ಲುವುದು.

ಬಾಲ ಒಳಗೆ ಬಂತು, ಲೂಪಿನ ಪಾಯಿಂಟ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜೋಡಣೆ, ತಿರುಗಿತು. ಪ್ಲಾಟ್‌ಫಾರಂ ಕೊನೆಗೆ ನಿಂತಿದ್ದರೆ ಇದು ಕಿವಿಗೇ ಕೇಳಿಸುತ್ತದೆ: ಹಳಿಯ ಪಕ್ಕದ ಬೂದುಬಣ್ಣದ ಪೆಟ್ಟಿಗೆಯೊಳಗಿನ ಮೋಟಾರು ಕೆಲವೇ ಸೆಕೆಂಡು ಗುರ್ರೆಂದು, ತೆಳುತುದಿಯ ಹಳಿ ಈ ಬದಿಯಿಂದ ಸರಿದು ಆ ಬದಿಗೆ ಟಕ್ ಎಂದು ಕೂರುತ್ತದೆ. ಹಾಗೆ ಕೂತು ಬೀಗ ಬಿದ್ದದ್ದು ಖಚಿತವಾಗದೆ ಸಿಗ್ನಲ್ ಬರುವುದೇ ಇಲ್ಲ. ಆ ತುದಿಗೆ ಗೇಟಿದ್ದರೆ ಗೇಟೂ ಮುಚ್ಚಿರಬೇಕು. ಟ್ರ್ಯಾಕ್ಟರಿನವನೊಬ್ಬ ಗೇಟಿನ ನಡುವೆ ಸಿಕ್ಕಿಕೊಂಡರೆ ಅಷ್ಟೂ ಹೊತ್ತು ಎದುರಿನ ಗಾಡಿ ಸಿಗ್ನಲ್ಲಿನ ಆಚೆ ನಿಂತಿರುತ್ತದೆ, ಅದಕ್ಕಾಗಿ ಈ ಗಾಡಿಯೂ. ಒಂದು ಕ್ರಾಸಿಂಗಿಗೆ ಹತ್ತರಿಂದ ಇಪ್ಪತ್ತು ನಿಮಿಷ ಹೋಗುವುದು ಹೀಗೆ. ಒಂದು ಗಾಡಿ ತಡವಾದರೆ ಅದಕ್ಕೆ ಕಾಯುವ ಗಾಡಿಯೂ ತಡ, ಅದಕ್ಕೆ ಕಾಯುವ ಮೂರನೆಯದೂ ತಡ. ಒಂಟಿ ಹಳಿಯ ಊರಿನಲ್ಲಿ ವೇಳಾಪಟ್ಟಿಯನ್ನು ನಿಮಿಷಕ್ಕೆ ನಂಬಿ ಮುಂದಿನ ಬಸ್ಸಿನ ಲೆಕ್ಕ ಹಾಕಬಾರದು; ಅರ್ಧ ಗಂಟೆ ಬಿಟ್ಟುಕೊಳ್ಳಿ.

ದಾರಿಯಲ್ಲಿ ಹಾಲ್ಟ್‌ಗಳೂ ಇವೆ. ಹಾಲ್ಟ್ ಎಂದರೆ ಸಿಗ್ನಲ್ ಇಲ್ಲ, ಲೂಪ್ ಇಲ್ಲ, ಸ್ಟೇಷನ್ ಮಾಸ್ಟರ್ ಇಲ್ಲ. ಪ್ಲಾಟ್‌ಫಾರಂ, ಒಂದು ಮಾಡು, ಹಳದಿ ಬೋರ್ಡು. ಎಷ್ಟೋ ಕಡೆ ಟಿಕೆಟ್ ಮಾರುವುದು ಕಮಿಷನ್ ಮೇಲೆ ಕೆಲಸ ಮಾಡುವ ಊರಿನ ಏಜೆಂಟು. ಅವರು ಇಲ್ಲದಿದ್ದರೆ ಸುಮ್ಮನೆ ಹತ್ತಿ ಕೂರಬೇಡಿ. ಹತ್ತುವಾಗಲೇ ಕೊನೆಯ ಬೋಗಿಯ ಗಾರ್ಡಿಗೆ ಹೇಳಿ. 2022ರಿಂದ ಅವರ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್, ಜನ ಕರೆಯುವುದು ಗಾರ್ಡ್ ಅಂತಲೇ. ಅವರು ಬರೆದುಕೊಟ್ಟ ಚೀಟಿ ಇದ್ದರೆ ಟಿ.ಸಿ. ಬರೀ ದರ ತಗೊಳ್ಳುತ್ತಾರೆ, ದಂಡ ಹಾಕುವುದಿಲ್ಲ. ಮೊಬೈಲ್ ಟಿಕೆಟ್ ಇರುವವರಿಗೆ ಈ ರಗಳೆಯೇ ಇಲ್ಲ.

ನಂಜನಗೂಡು ಟೌನ್ ಬರುವ ಮುಂಚೆ ಕಪಿಲೆ. ಗಾಡಿ ಹೊಸ ಸೇತುವೆಯ ಮೇಲಿರುತ್ತದೆ. ಪಕ್ಕದಲ್ಲಿ ಕಾಣುವ ಕಲ್ಲಿನ ಸೇತುವೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ್ದು. ಎತ್ತಿನ ಗಾಡಿಗೆಂದು ಕಟ್ಟಿದ ಅದರ ಮೇಲೇ ಒಂದು ಬದಿಗೆ ಮೀಟರ್ ಗೇಜ್ ಹಳಿ ಹಾಕಿ, ದಾರಿ ಬ್ರಾಡ್‌ಗೇಜ್ ಆಗುವವರೆಗೂ ರೈಲು ಓಡಿಸಿದರು. ಎತ್ತಿನ ಗಾಡಿಯ ಲೆಕ್ಕದಲ್ಲಿ ಕಟ್ಟಿದ್ದು ಉಗಿಯ ಇಂಜಿನ್ನನ್ನೂ ಹೊತ್ತಿತು. ಇಳಿದವರಿಗೆ ಶ್ರೀಕಂಠೇಶ್ವರನ ದೇವಸ್ಥಾನ ನಡಿಗೆಯ ದೂರ. ದೊಡ್ಡ ಜಾತ್ರೆಯ ದಿನ ಮಾತ್ರ ಇಲ್ಲಿಂದ ವಾಪಸ್ ಬರುವ ಟಿಕೆಟ್ಟನ್ನು ದೇವಸ್ಥಾನದ ಬಳಿಯೇ ಮೊಬೈಲಿನಲ್ಲಿ ಮಾಡಿಕೊಳ್ಳಿ. ಆ ದಿನದ ಕೌಂಟರ್ ಸಾಲು ಕರಗುವಷ್ಟರಲ್ಲಿ ಗಾಡಿ ಹೋಗಿರುತ್ತದೆ.

ಕವಲಂದೆ, ಬದನಗುಪ್ಪೆ, ಕೊನೆಗೆ ಚಾಮರಾಜನಗರ. ಸತ್ಯಮಂಗಲದ ಕಾಡು ದಾಟಿ ಮೆಟ್ಟುಪಾಳ್ಯಕ್ಕೆ ಹಳಿ ಒಯ್ಯುವ ಪ್ರಸ್ತಾವ ಹಳೆಯದು. ಕಾಡಿನ ಅನುಮತಿಯ ಬಳಿ ನಿಂತಿದೆ. ಸದ್ಯಕ್ಕೆ ಹಳಿ ಇಲ್ಲಿಗೇ ಮುಗಿಯುತ್ತದೆ. ತಿರುಪತಿ ಎಕ್ಸ್‌ಪ್ರೆಸ್ ಹೊರಡುವುದು ಇಲ್ಲಿಂದಲೇ, ಆದ್ದರಿಂದ ಈ ಊರಿನವರಿಗೆ ಸೀಟಿನ ಚಿಂತೆಯಿಲ್ಲ.

ಕೊನೆಯ ಸ್ಟೇಷನ್ನಿನಲ್ಲಿ ಇಂಜಿನ್ ಬದಲಾಗುವುದನ್ನು ನಿಂತು ನೋಡಬೇಕು. ಇಂಜಿನ್ ಬಿಚ್ಚಿಕೊಂಡು ಪಕ್ಕದ ಹಳಿಯಲ್ಲಿ ಹಾದು ಹೋಗಿ ಮೊದಲು ಬಾಲವಾಗಿದ್ದ ತುದಿಗೆ ಬಂದು ಸೇರುತ್ತದೆ. ಕೊಂಡಿ ಬಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಕೆಳಗೆ ಇಳಿದ ನೌಕರ ಗಾಳಿಯ ರಬ್ಬರ್ ಪೈಪುಗಳನ್ನು ಜೋಡಿಸಿ ನಲ್ಲಿ ತಿರುಗಿಸಿದಾಗ ಬುಸ್ ಎಂದು ಶಬ್ದ ಬರುತ್ತದೆ. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ತುಂಬಬೇಕು. ಅದು ಕೊನೆಯ ಬೋಗಿಯಲ್ಲಿರುವ ಗಾರ್ಡಿನ ಮೀಟರಿನಲ್ಲೂ ಕಂಡರೆ ಮಾತ್ರ ಉದ್ದಕ್ಕೂ ಬ್ರೇಕ್ ಕೆಲಸ ಮಾಡುತ್ತಿದೆ ಎಂದರ್ಥ. ಎಲ್ಲೋ ಒಂದು ಪೈಪ್ ಸೋರಿದರೆ ಒತ್ತಡ ಏರುವುದಿಲ್ಲ, ಗಾಡಿ ಹೊರಡುವುದಿಲ್ಲ. ಗಾಳಿ ಹೋದರೆ ಬ್ರೇಕ್ ತಾನಾಗಿ ಹಿಡಿಯುವಂತೆ ಮಾಡಿರುವ ಏರ್ಪಾಡು ಇದು. ಚೈನ್ ಎಳೆದಾಗ ಆಗುವುದೂ ಅದೇ, ಗಾಳಿ ಹೊರಗೆ ಹೋಗುತ್ತದೆ.

ಮೂರನೇ ದಿನ: ಸಾಗರಕಟ್ಟೆ, ಕೃಷ್ಣರಾಜನಗರ, ಅಕ್ಕಿಹೆಬ್ಬಾಳು

ಹಾಸನ, ಅರಸೀಕೆರೆಯ ದಾರಿ. ಇದೂ ಒಂಟಿ ಹಳಿಯೇ. ಬೆಂಗಳೂರಿನಿಂದ ಮೈಸೂರಿನ ಮೂಲಕ ಈ ಕಡೆ ಬರುವ ಗಾಡಿಗಳು ಮೈಸೂರಿನಲ್ಲಿ ಇಂಜಿನ್ ಹಿಂದು ಮುಂದು ಮಾಡಿಕೊಳ್ಳುತ್ತವೆ. ಮಂಡ್ಯದಲ್ಲಿ ಇಂಜಿನ್ ಪಕ್ಕ ಇದ್ದ ಬೋಗಿ ಕೃಷ್ಣರಾಜನಗರದಲ್ಲಿ ಕೊನೆಯದಾಗಿರುತ್ತದೆ. ಬರಮಾಡಿಕೊಳ್ಳಲು ಬರುವವರಿಗೆ "ಮುಂದಿನ ಬೋಗಿ" ಎಂದು ಮಂಡ್ಯದಿಂದಲೇ ಫೋನು ಮಾಡಿದ್ದರೆ ಅವರು ಅರ್ಧ ಕಿಲೋಮೀಟರ್ ದೂರದಲ್ಲಿ ಕಾಯುತ್ತಿರುತ್ತಾರೆ. ಬೋಗಿಯ ನಂಬರ್ ಹೇಳಿ.

ಬೆಳಗೊಳ ಕಳೆದು ಸಾಗರಕಟ್ಟೆಯ ಬಳಿ ಹಳಿ ಕನ್ನಂಬಾಡಿಯ ಹಿನ್ನೀರನ್ನು ದಾಟುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಎರಡೂ ಕಡೆ ನೀರೇ ನೀರು. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ದನ ಮೇಯುತ್ತಿರುತ್ತವೆ. ನೀರು ನೋಡಬೇಕೆಂದೇ ಹೋಗುವವರು ಅಣೆಕಟ್ಟೆಯ ಮಟ್ಟ ಪತ್ರಿಕೆಯಲ್ಲಿ ನೋಡಿಕೊಂಡು ಹೋಗಲಿ. ಸಾಗರಕಟ್ಟೆಯಲ್ಲಿ ಇಳಿದರೆ ಊಟ ತಿಂಡಿಗೆ ಸ್ಟೇಷನ್ನಿನ ಒಳಗೆ ಏನನ್ನೂ ನಂಬಿಕೊಳ್ಳಬೇಡಿ, ನೀರಿನ ಬಾಟಲಿ ಮೈಸೂರಿನಿಂದಲೇ ಒಯ್ಯಿರಿ. ಭಾರದ ಲಗೇಜು ಇದ್ದರೆ ಮೈಸೂರಿನ ಕ್ಲೋಕ್ ರೂಮಿನಲ್ಲಿ ಇಟ್ಟು ಬರಬಹುದು. ಬೀಗ ಹಾಕಿದ ಪೆಟ್ಟಿಗೆ ಮಾತ್ರ ತಗೊಳ್ಳುತ್ತಾರೆ.

ಕೃಷ್ಣರಾಜನಗರ ತಾಲ್ಲೂಕು ಕೇಂದ್ರ, ಭತ್ತದ ಊರು, ಎಕ್ಸ್‌ಪ್ರೆಸ್ಸುಗಳು ನಿಲ್ಲುವ ಸ್ಟೇಷನ್ನು. ಸಂಜೆ ಇಲ್ಲಿ ಇಳಿಯುವವರು ಹೆಚ್ಚು, ಹತ್ತುವವರು ಕಡಿಮೆ, ಆಟೊ ಸಿಗುವುದೂ ಅದೇ ಹೊತ್ತಿಗೆ. ಹೊಸ ಅಗ್ರಹಾರ ದಾಟಿದ ಮೇಲೆ ಗಾಡಿ ಜಿಲ್ಲೆ ಬದಲಿಸುತ್ತದೆ: ಅಕ್ಕಿಹೆಬ್ಬಾಳು ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನದು, ಹೇಮಾವತಿಯ ಪಕ್ಕ. ಮಂಡ್ಯ ಜಿಲ್ಲೆಯ ಸ್ಟೇಷನ್ನಾದರೂ ಮಂಡ್ಯದಿಂದ ರೈಲಿನಲ್ಲಿ ಬರಬೇಕಾದರೆ ಮೈಸೂರು ಸುತ್ತಿಯೇ ಬರಬೇಕು.

ಇಂಥ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ವಾಪಸ್ ಗಾಡಿ ಯಾವುದು, ಅದಾದ ಮೇಲಿನದು ಯಾವುದು ಎಂದು ಕೌಂಟರಿನಲ್ಲಿ ಕೇಳಿಕೊಳ್ಳುವುದು. ಒಂದನ್ನಲ್ಲ, ಎರಡನ್ನು ಕೇಳಬೇಕು. ಗೋಡೆಯ ಪಟ್ಟಿ ಹಳೆಯದಾಗಿರುತ್ತದೆ, 139ಕ್ಕೆ ಫೋನು ಮಾಡಿದರೂ ಗೊತ್ತಾಗುತ್ತದೆ. ಎರಡನೆಯದು ಕತ್ತಲಾದ ಮೇಲೆ ಇದ್ದರೆ ಮೊದಲನೆಯದನ್ನೇ ಹಿಡಿಯಿರಿ, ಇಲ್ಲವೇ ಕೃಷ್ಣರಾಜನಗರದ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಟೀ ಅಂಗಡಿಯಲ್ಲಿ ವಿಚಾರಿಸಿಡಿ.

ಇಳಿಸಿದ ಗಾಡಿ ಹಾಸನದ ಕಡೆ ಹೊರಟಾಗ ಸ್ಟೇಷನ್ನಿನವರು ಹಸಿರು ಬಾವುಟ ಹಿಡಿದು ಕಟ್ಟಡದ ಮುಂದೆ ನಿಂತಿರುತ್ತಾರೆ. ಬೀಳ್ಕೊಡುವುದಕ್ಕಲ್ಲ. ಬೋಗಿಯ ಅಡಿಯಲ್ಲಿ ಹೊಗೆ, ಬೆಂಕಿ, ನೇತಾಡುವ ಸಾಮಾನು ಇದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಕೊನೆಯ ಬೋಗಿಯ ಬೆನ್ನಿಗೆ ದೊಡ್ಡ ಗುಣಾಕಾರದ ಗುರುತು, ಅದರ ಜೊತೆ 'ಎಲ್‌ವಿ' (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಬೋಗಿ) ಎಂದು ಬರೆದ ಚಿಕ್ಕ ಹಲಗೆ. ರಾತ್ರಿಯಾದರೆ ಮಿನುಗುವ ಕೆಂಪು ದೀಪ. ಅದು ಕಂಡರೆ ಗಾಡಿ ಪೂರ್ತಿ ಹೋಯಿತು, ನಡುವೆ ಎಲ್ಲೂ ಬೋಗಿ ಕಳಚಿ ಉಳಿದಿಲ್ಲ. ಬಾವುಟ ಸುತ್ತಿ ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಗೇಟು ಏಳುತ್ತದೆ, ನಿಂತಿದ್ದ ಕಬ್ಬಿನ ಗಾಡಿಗಳು ಮುಂದಕ್ಕೆ ಸಾಗುತ್ತವೆ.